ಫಿಲ್ಟರ್ ನೀವೇ ಬದಲಿಸಬಹುದು, ಆದರೆ ಮೊದಲು ಕ್ಯಾನ್ ನೋಡಿ

ಪ್ರಶ್ನೆ: ನನ್ನದು 2013ರ ಡೀಸೆಲ್ ಕಾರು, 1.10 ಲಕ್ಷ ಕಿ.ಮೀ. ಓಡಿದೆ. ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡೆ ಮೇಲೆ. ಈ ಮಳೆಗಾಲ ಶುರುವಾದ ಮೇಲೆ ಮನೆಯ ಚಡಾವು ಹತ್ತುವಾಗ ಕಾರು ಎಳೆಯುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಫಿಲ್ಟರ್‌ನಲ್ಲಿ ನೀರು ಉಂಟು ಅಂತ ತೋರಿಸುವ ಲೈಟ್ ಎರಡು ಸಲ ಬಂದು ಹೋಯಿತು. ಫಿಲ್ಟರ್ ಹಾಕಿಸಿ ಎಂಟೇ ತಿಂಗಳಾಯಿತು. ಗಡಿಯಾಚೆ ಕರ್ನಾಟಕದ ಪಂಪಿನಲ್ಲಿ ಅಗ್ಗಕ್ಕೆ ಹಾಕಿಸಿದ್ದರ ಫಲ ಇದು ಅಂತ ಭಾವ ಹೇಳುತ್ತಾನೆ. ಪೆಟ್ರೋಲಲ್ಲಿ ತೊಳೆದು, ಗಾಳಿ ಹೊಡೆದು ಅದನ್ನೇ ಹಾಕು, ಡೀಸೆಲಿಗೆ ಬೆಂಕಿ ಹಿಡಿಯಲ್ಲ ಅಂತ ಮಾವ. ಹೆಂಡತಿಗೆ ಬೆಂಕಿಯದ್ದೇ ಭಯ. ನನಗೆ ಸ್ಪ್ಯಾನರ್ ಹಿಡಿದು ಅಭ್ಯಾಸ ಉಂಟು. ತೋಟದ ಡೀಸೆಲ್ ಪಂಪ್ ರಿಪೇರಿ ನಾನೇ ಮಾಡುವುದು, ಅದಕ್ಕೆ ತಂದ ಡೀಸೆಲ್ ಉಳಿದರೆ ಕಾರಿಗೆ ಹಾಕುವುದೂ ಉಂಟು. ಫಿಲ್ಟರ್ ಮನೆಯಲ್ಲೇ ಬದಲಿಸಬಹುದಾ? ತಮ್ಮನ ಹಳೇ ಪೆಟ್ರೋಲ್ ಕಾರಿನದ್ದನ್ನೂ ಅದೇ ದಿನ ಮಾಡಿ ಮುಗಿಸಬಹುದಾ?

ಉತ್ತರ: ನಿಮ್ಮ ಡೀಸೆಲ್ ಕಾರಿನದ್ದು ಮನೆಯಲ್ಲಿ ಮಾಡಬಹುದು. ತಮ್ಮನ ಪೆಟ್ರೋಲ್ ಕಾರಿನದ್ದು ಬೇರೆಯೇ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ನೀವು ಕೇಳಿದ ಪ್ರಶ್ನೆಗಿಂತ, ಹೋಗುತ್ತಾ ಹೋಗುತ್ತಾ ಬರೆದ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು. ತೋಟದ ಪಂಪಿನ ಡೀಸೆಲ್ ಉಳಿದರೆ ಕಾರಿಗೆ ಹಾಕುತ್ತೇನೆ ಅಂದಿದ್ದೀರಲ್ಲ, ಅದು.

ಎಂಟು ತಿಂಗಳ ಫಿಲ್ಟರ್ ಸುಮ್ನೆ ಕಟ್ಟುವುದಿಲ್ಲ. ಡೀಸೆಲ್ ಕಾರುಗಳಲ್ಲಿ ಹೆಚ್ಚಿನವಕ್ಕೆ ಫಿಲ್ಟರ್ ಬದಲಿಸುವ ಲೆಕ್ಕ 20 ಸಾವಿರದಿಂದ 40 ಸಾವಿರ ಕಿ.ಮೀ. ಒಳಗೆ ಇರುತ್ತದೆ, ನಿಮ್ಮದು ಎಷ್ಟು ಅಂತ ಕಾರಿನ ಪುಸ್ತಕದಲ್ಲಿ ಉಂಟು. ಅದಕ್ಕೂ ಮೊದಲೇ ನೀರಿನ ಲೈಟ್ ಬಂತು ಅಂದರೆ ಎಲ್ಲಿಂದಲೋ ನೀರು ಸೇರುತ್ತಿದೆ. ಹೊಸ ಫಿಲ್ಟರ್ ಹಾಕಿದರೆ ಒಂದು ತಿಂಗಳು ಸುಖ. ಆಮೇಲೆ ಮತ್ತೆ ಅದೇ ಲೈಟ್.

ಭಾವನ ಮಾತಿಗೆ ಮೊದಲು ಬರೋಣ. ಈ ಮಾತು ನನ್ನ ಗ್ಯಾರೇಜಿನಲ್ಲಿ ದಿನಾ ಕೇಳುತ್ತೇನೆ. ಕೇರಳದಲ್ಲಿ ತೆರಿಗೆ ಜಾಸ್ತಿ, 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಸೇರಿತು. ಹಾಗಾಗಿ ನಮ್ಮವರು ಅಡ್ಯನಡ್ಕ, ವಿಟ್ಲ ಕಡೆ ಹೋದಾಗ, ತಲಪಾಡಿ ದಾಟಿದಾಗ ಟ್ಯಾಂಕ್ ತುಂಬಿಸಿಕೊಂಡೇ ಬರುವುದು. ನಾನೂ ತುಂಬಿಸುತ್ತೇನೆ. ಬೆಲೆಯ ವ್ಯತ್ಯಾಸ ತೆರಿಗೆಯದ್ದು, ಎಣ್ಣೆಯದ್ದಲ್ಲ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಿಎಸ್6, ಅಂದರೆ ಹೊಗೆ ಮಾಲಿನ್ಯ ಕಡಿಮೆ ಮಾಡುವ ದರ್ಜೆಯ ಡೀಸೆಲ್ಲೇ ಮಾರಬೇಕು. ಮಂಜೇಶ್ವರದಲ್ಲಿ ಒಂದು ಜಾತಿ, ಮಂಗಳೂರಲ್ಲಿ ಇನ್ನೊಂದು ಜಾತಿ ಅಂತಿಲ್ಲ. ಯಾವುದೋ ಒಂದು ಪಂಪಿನ ನೆಲದೊಳಗಿನ ಟ್ಯಾಂಕಿಗೆ ಮಳೆನೀರು ಇಳಿಯುವುದು ಉಂಟು, ಆದರೆ ಅದು ಗಡಿಯ ಈಚೆಯೂ ಆಗಬಹುದು, ಆಚೆಯೂ ಆಗಬಹುದು. ಅನುಮಾನ ಇದ್ದರೆ ಪಂಪಿನಲ್ಲೇ ಸಾಂದ್ರತೆ ಅಳೆದು ತೋರಿಸಲು ಕೇಳಿ. ಗ್ರಾಹಕರು ಅದನ್ನು ಕೇಳಬಹುದು, ಬೇಜಾರು ಮಾಡಿಕೊಳ್ಳುವ ವಿಷಯ ಅಲ್ಲ. ಜಡಿಮಳೆ ಬಂದ ದಿನ, ಅಥವಾ ಪಂಪಿನಲ್ಲಿ ಟ್ಯಾಂಕರ್ ಖಾಲಿ ಮಾಡುತ್ತಿರುವಾಗ ಡೀಸೆಲ್ ಹಾಕಿಸದೆ ಮುಂದಿನ ಪಂಪಿಗೆ ಹೋಗುವುದು ನನ್ನ ರೂಢಿ. ಟ್ಯಾಂಕರ್ ಇಳಿಸುವಾಗ ತಳದ ಕಸ, ನೀರು ಎಲ್ಲ ಕದಡುತ್ತದೆ.

ಅರ್ಧ ಟ್ಯಾಂಕ್ ಇಟ್ಟರೆ ಒಳಗೆ ಆವಿ ಹನಿಯಾಗಿ ನೀರು ತುಂಬುತ್ತದೆ ಅಂತಲೂ ಜನ ಹೇಳುತ್ತಾರೆ. ನಮ್ಮ ಮಳೆಗಾಲದ ತೇವಕ್ಕೆ ಸ್ವಲ್ಪ ಹನಿ ಕೂಡಬಹುದು. ದಿನಾ ಓಡುವ ಕಾರಿನಲ್ಲಿ ಅದರಿಂದಲೇ ಲೈಟ್ ಉರಿಯುವಷ್ಟು ನೀರು ಬರುವುದು ನಾನು ಕಂಡದ್ದಿಲ್ಲ.

ಕಂಡದ್ದು ಏನು ಅಂದರೆ ಕ್ಯಾನ್. ತೋಟದ ಮನೆಗಳಲ್ಲಿ ಡೀಸೆಲ್ ಕ್ಯಾನ್ ಎಲ್ಲಿರುತ್ತದೆ? ಪಂಪ್‌ಶೆಡ್ಡಿನ ಮೂಲೆಯಲ್ಲಿ, ಇಲ್ಲ ಕೊಟ್ಟಿಗೆಯ ಮಾಡಿನ ಅಡಿಯಲ್ಲಿ. ಮುಚ್ಚಳದ ವಾಷರ್ ಯಾವತ್ತೋ ಹೋಗಿರುತ್ತದೆ, ಅದರ ಬದಲು ಒಂದು ಪ್ಲಾಸ್ಟಿಕ್ ತುಂಡು ಕಟ್ಟಿರುತ್ತಾರೆ. ಮಾಡಿನ ನೀರು ಮುಚ್ಚಳದ ಮೇಲೆ ತೊಟ್ಟಿಕ್ಕಿ ತೊಟ್ಟಿಕ್ಕಿ ಒಳಗೆ ಇಳಿಯುತ್ತದೆ. ಎಷ್ಟೋ ಸಲ ಅದೇ ಕ್ಯಾನಿನಲ್ಲಿ ಹಿಂದೆ ಮೈಲುತುತ್ತಿನ ನೀರು ಹೊತ್ತದ್ದೂ ಇರುತ್ತದೆ. ತೋಟದ ಹಳೇ ಪಂಪ್ ಎಂಜಿನ್ ಇದನ್ನೆಲ್ಲ ಕುಡಿದು, ಕೆಮ್ಮಿ, ಓಡುತ್ತದೆ. ನಿಮ್ಮ ಕಾರು ಓಡುವುದಿಲ್ಲ. ಅದರದ್ದು ಕಾಮನ್ ರೈಲ್ ಎಂಜಿನ್, ಅಂದರೆ ಒಂದೇ ಗಟ್ಟಿ ಪೈಪಿನಲ್ಲಿ ಭಾರೀ ಒತ್ತಡದ ಡೀಸೆಲ್ ಇಟ್ಟು ಎಲ್ಲ ಸಿಲಿಂಡರಿಗೂ ಹಂಚುವಂಥದ್ದು. ಒಳಗಿನ ಪಂಪ್ ಡೀಸೆಲನ್ನು ಸಾವಿರ ಬಾರ್‌ಗೂ ಮೇಲಿನ ಒತ್ತಡಕ್ಕೆ ತಳ್ಳುತ್ತದೆ. ನಿಮ್ಮ ಟೈರಿನ ಗಾಳಿ ಎರಡು ಬಾರ್ ಚಿಲ್ಲರೆ ಅಷ್ಟೇ, ಅದಕ್ಕೆ ಹೋಲಿಸಿ ನೋಡಿ. ಆ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಎಣ್ಣೆ. ಡೀಸೆಲ್ ಜಾಗಕ್ಕೆ ನೀರು ಬಂದರೆ ಒಳಗಿನ ನುಣುಪು ಲೋಹ ಒಣಗಿ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ. ಆಮೇಲೆ ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್. ಅಲ್ಲಿಗೆ ಬಿಲ್ಲು ಹತ್ತಾರು ಸಾವಿರಕ್ಕೆ ಹೋಗುತ್ತದೆ. ನೀರು ನಿಂತ ಡೀಸೆಲಿನಲ್ಲಿ ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ. ನೀರು, ಡೀಸೆಲ್ ಸೇರುವ ಗೆರೆಯಲ್ಲಿ ಕಪ್ಪು ಲೋಳೆ ಕಟ್ಟುತ್ತದೆ. ಫಿಲ್ಟರ್ ಬೇಗ ಕಟ್ಟಲು ಅದಕ್ಕಿಂತ ಒಳ್ಳೆಯ ಸಾಮಾನು ಬೇರೆ ಬೇಡ.

ಮಾವನ ಉಪಾಯ ಹಳೇ ಕಾಲದ್ದು. ಆಗ ಬಟ್ಟೆಯ, ಜಾಲರಿಯ ಫಿಲ್ಟರ್ ಇತ್ತು, ತೊಳೆಯಬಹುದಿತ್ತು. ಈಗಿನದ್ದು ಮಡಿಸಿದ ಕಾಗದ. ಅದು ಹಿಡಿಯುವುದು ಐದು ಮೈಕ್ರಾನ್ ಆಸುಪಾಸಿನ ಕಣ. ನಿಮ್ಮ ತಲೆಕೂದಲು ಸುಮಾರು ಎಪ್ಪತ್ತು ಮೈಕ್ರಾನ್ ದಪ್ಪ. ಅಷ್ಟು ಸಣ್ಣ ತೂತಿಗೆ ಕಂಪ್ರೆಸರ್ ಗಾಳಿ ಹೊಡೆದರೆ ಕಾಗದ ಹರಿಯುತ್ತದೆ, ಇಲ್ಲ ಕೊಳೆ ಸ್ವಚ್ಛ ಬದಿಗೆ ಹೋಗಿ ಕೂರುತ್ತದೆ. ಕಣ್ಣಿಗೆ ಮಾತ್ರ ಹೊಸದರ ಹಾಗೆ ಕಾಣುತ್ತದೆ.

ಡೀಸೆಲಿಗೆ ಬೆಂಕಿ ಹಿಡಿಯುವುದಿಲ್ಲ ಅನ್ನುವುದು ಅರ್ಧ ಸತ್ಯ. ಪೆಟ್ರೋಲಿನ ಹಾಗೆ ತಣ್ಣಗಿರುವಾಗಲೇ ಕಿಡಿಗೆ ಭಗ್ ಅನ್ನುವುದಿಲ್ಲ, ನಿಜ. ಆದರೆ ಇನ್ನೂರು ಚಿಲ್ಲರೆ ಡಿಗ್ರಿ ಬಿಸಿಯಾದ ಲೋಹದ ಮೇಲೆ ಬಿದ್ದರೆ ಕಿಡಿಯೂ ಬೇಡ, ತಾನಾಗಿ ಹೊತ್ತಿಕೊಳ್ಳಬಹುದು. ಚಡಾವು ಹತ್ತಿ ಬಂದ ಕಾರಿನ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ, ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಇರುತ್ತದೆ. ಹಾಗಾಗಿ ನಿಮ್ಮ ಮನೆಯವರ ಭಯ ತಪ್ಪಲ್ಲ. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೆಲಸಕ್ಕೆ ಇಳಿಯಿರಿ.

ಈಗ ಕೆಲಸ. ಅಡಿಕೆ ಒಣಗಿಸುವ ಅಂಗಳ ಉಂಟಲ್ವಾ, ಅಲ್ಲಿ ಮಾಡಿ. ಅಡುಗೆಮನೆಗೆ ತಾಗಿದ ಪೋರ್ಚ್ ಬೇಡ. ಪಕ್ಕದಲ್ಲಿ ಮರಳಿನ ಬಕೆಟ್, ಸಾಧ್ಯವಾದರೆ ಪುಡಿ ತುಂಬಿದ ಸಣ್ಣ ಬೆಂಕಿ ನಂದಿಸುವ ಸಿಲಿಂಡರ್ ಇರಲಿ. ಎಣ್ಣೆಯ ಬೆಂಕಿಗೆ ನೀರು ಹೊಯ್ಯಬಾರದು. ಎಣ್ಣೆ ತೇಲಿಕೊಂಡು ಬೆಂಕಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಬೀಡಿ ಸೇದುವವರನ್ನು ದೂರ ಕೂರಿಸಿ. ಮಳೆ ಬರುವಾಗ ಮಾತ್ರ ಬೇಡವೇ ಬೇಡ. ತೆರೆದ ಫಿಲ್ಟರಿಗೆ ಎರಡು ಹನಿ ಬಿದ್ದರೂ ನೀವು ಯಾವುದಕ್ಕೆ ಹೊರಟಿರೋ ಅದೇ ಹಾಳು.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ನಿಮ್ಮ ಕಾರಿನ ಫಿಲ್ಟರ್ ಎಂಜಿನ್ ಕೋಣೆಯಲ್ಲೇ ಇದ್ದರೆ ಅಡಿಗೆ ನುಗ್ಗುವ ಕೆಲಸ ಇಲ್ಲ, ಅದು ಪುಣ್ಯ. ಮುಟ್ಟುವ ಮೊದಲು ಫಿಲ್ಟರ್ ಸುತ್ತಲಿನ ಕೆಂಪು ಧೂಳನ್ನು ಬ್ರಷ್‌ನಲ್ಲಿ, ಬಟ್ಟೆಯಲ್ಲಿ ಪೂರ್ತಿ ತೆಗೆಯಿರಿ. ಜನ ಇದನ್ನೇ ಬಿಡುವುದು. ಪೈಪ್ ತೆಗೆದ ಮೇಲೆ ಬಿದ್ದ ಒಂದು ಚಿಟಿಕೆ ಮಣ್ಣು ಫಿಲ್ಟರಿನ ಆಚೆ ಬದಿಗೆ ಹೋದರೆ ಅದನ್ನು ತಡೆಯಲು ಮುಂದೆ ಯಾರೂ ಇಲ್ಲ, ನೇರ ಪಂಪಿಗೆ. ಪೈಪುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಯಾವುದು ಒಳಗೆ ಬರುವುದು, ಯಾವುದು ಹೊರಗೆ ಹೋಗುವುದು ಅಂತ ಟೇಪ್ ಅಂಟಿಸಿ ಗುರುತು ಮಾಡಿ.

ಆಮೇಲೆ ಒಂದು ಖಾಲಿ ಗಾಜಿನ ಬಾಟ್ಲಿ ತನ್ನಿ, ಉಪ್ಪಿನಕಾಯಿಯದ್ದಾದರೂ ಆದೀತು, ಆದರೆ ಒಣಗಿರಬೇಕು. ಫಿಲ್ಟರಿನ ತಳದ ಡ್ರೈನ್ ಸ್ಕ್ರೂ ಸಡಿಲ ಮಾಡಿ ಬಾಟ್ಲಿಗೆ ಇಳಿಸಿ. ಬಾಟ್ಲಿಯನ್ನು ಜಗಲಿ ಮೇಲೆ ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಮೇಲೆ ಡೀಸೆಲ್, ನಡುವೆ ಚಾಕುವಿನಲ್ಲಿ ಕೊಯ್ದ ಹಾಗೆ ಗೆರೆ. ಬೆಳಕಿಗೆ ಎತ್ತಿ ಹಿಡಿದು ನೋಡಿ. ಸ್ವಚ್ಛ ನೀರಾ, ಕಂದು ತುಕ್ಕಾ, ಕಪ್ಪು ಲೋಳೆಯಾ? ನೀಲಿ ಬಣ್ಣ ಕಂಡರೆ ಕ್ಯಾನಿನ ಕಥೆ ಅಲ್ಲಿಗೆ ಮುಗಿಯಿತು, ಮೈಲುತುತ್ತು. ಇನ್ನೊಂದು ಬಾಟ್ಲಿಗೆ ನಿಮ್ಮ ಕ್ಯಾನಿನ ತಳದಿಂದ ಅರ್ಧ ಲೀಟರ್ ತೆಗೆದು ಪಕ್ಕದಲ್ಲೇ ಇಡಿ. ಎರಡನ್ನೂ ಒಟ್ಟಿಗೆ ನೋಡಿ. ಭಾವನನ್ನೂ ಕರೆಯಿರಿ.

ಹೊಸ ಫಿಲ್ಟರ್ ನಿಮ್ಮ ಮಾಡೆಲಿನದ್ದೇ ಆಗಿರಲಿ, ಬಿಲ್ಲು ಕೊಡುವ ಅಂಗಡಿಯಿಂದ ತನ್ನಿ. ನಕಲಿ ಫಿಲ್ಟರ್ ಪೆಟ್ಟಿಗೆ ನೋಡಿ ಗುರುತಿಸುವುದು ನನಗೇ ಕಷ್ಟ ಆಗುತ್ತದೆ. ಹಳೇ ರಬ್ಬರ್ ರಿಂಗ್ ಫಿಲ್ಟರ್ ಕೂರುವ ತಲೆಯಲ್ಲೇ ಅಂಟಿ ಉಳಿದಿದೆಯಾ ಅಂತ ಬೆರಳಲ್ಲಿ ತಡವಿ ನೋಡಿ. ಅದರ ಮೇಲೆ ಹೊಸ ರಿಂಗ್ ಕೂತರೆ ಗಾಳಿ ಎಳೆಯುತ್ತದೆ, ಕಾರು ಬೆಳಿಗ್ಗೆ ಸ್ಟಾರ್ಟೇ ಆಗುವುದಿಲ್ಲ. ಹೊಸ ರಿಂಗಿಗೆ ಸ್ವಲ್ಪ ಶುದ್ಧ ಡೀಸೆಲ್ ಸವರಿ. ತಿರುಗಿಸಿ ಕೂರಿಸುವ ಫಿಲ್ಟರ್ ಆದರೆ ರಿಂಗ್ ತಾಗಿದ ಮೇಲೆ ಎಷ್ಟು ಸುತ್ತು ಅಂತ ಅದರ ಮೈಮೇಲೇ ಅಚ್ಚಾಗಿರುತ್ತದೆ, ಅಷ್ಟೇ ಸಾಕು. ಬಲ ಇದೆ ಅಂತ ಬಿಗಿಯಬೇಡಿ. ನೀರಿನ ಸೆನ್ಸರ್ ಹಳೇ ಫಿಲ್ಟರಿನಲ್ಲಿದ್ದರೆ ಜಾಗ್ರತೆಯಿಂದ ಬಿಚ್ಚಿ ಹೊಸದಕ್ಕೆ ಹಾಕಿ. ಮರೆತು ಗುಜರಿಗೆ ಕೊಟ್ಟವರನ್ನು ನೋಡಿದ್ದೇನೆ.

ಫಿಲ್ಟರಿಗೆ ಡೀಸೆಲ್ ಹೊಯ್ದು ತುಂಬಿಸಿ ಹಾಕುವುದು ಹಳೇ ರೂಢಿ. ಕಾಮನ್ ರೈಲಿಗೆ ನಾನು ಹಾಗೆ ಮಾಡುವುದಿಲ್ಲ. ಕ್ಯಾನಿನಿಂದ ಹೊಯ್ದ ಡೀಸೆಲ್ ನಡುವಿನ ತೂತಿಗೆ ಬಿದ್ದರೆ ಸೋಸದೆಯೇ ಪಂಪಿಗೆ ಹೋಗುತ್ತದೆ. ಖಾಲಿಯೇ ಹಾಕಿ. ಪೈಪುಗಳೆಲ್ಲ ಕೂತ ಮೇಲೆ ಬ್ಯಾಟರಿ ಕೊಟ್ಟು, ಕೈಯಲ್ಲಿ ಹಿಂಡುವ ರಬ್ಬರ್ ಉಂಡೆ ಇದ್ದರೆ ಗಟ್ಟಿಯಾಗುವವರೆಗೆ ಹಿಂಡಿ. ಟ್ಯಾಂಕಿನೊಳಗೆ ಕರೆಂಟಿನ ಪಂಪ್ ಇರುವ ಕಾರಾದರೆ ಕೀಲಿ ಆನ್ ಮಾಡಿ, ಸ್ಟಾರ್ಟ್ ಮಾಡದೆ ಸ್ವಲ್ಪ ಹೊತ್ತು ಬಿಟ್ಟು ಆಫ್ ಮಾಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಗಾಳಿ ಹೋಗುತ್ತದೆ. ಆಮೇಲೆ ಸ್ಟಾರ್ಟ್. ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ಒಂದು ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ. ಒಣ ಪಂಪನ್ನು ತಿರುಗಿಸಿದಷ್ಟೂ ಸವೆತ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ತೋಟದ ಪಂಪ್, ಟಿಲ್ಲರ್, ಹಳೇ ಜೀಪು ಸ್ಟಾರ್ಟ್ ಆಗದಿದ್ದರೆ ನಾವು ಇಂಜೆಕ್ಟರಿನ ನಟ್ ಸಡಿಲ ಮಾಡಿ, ಎಂಜಿನ್ ತಿರುಗಿಸಿ, ಗಾಳಿ ತೆಗೆಯುತ್ತೇವೆ. ನಿಮಗೂ ಅಭ್ಯಾಸ ಇದ್ದೀತು. ಕಾಮನ್ ರೈಲ್ ಕಾರಿನಲ್ಲಿ ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪನ್ನು ಮುಟ್ಟುವುದೇ ಬೇಡ. ಆ ಒತ್ತಡದಲ್ಲಿ ಕೂದಲೆಳೆಯಷ್ಟು ಸಣ್ಣ ಚಿಲುಮೆ ಗ್ಲೌಸನ್ನೂ ಚರ್ಮವನ್ನೂ ತೂರಿಕೊಂಡು ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ನೋವೂ ಮೊದಲಿಗೆ ಅಷ್ಟಿಲ್ಲ. ಒಳಗೆ ಮಾಂಸ ಸಾಯುತ್ತಿರುತ್ತದೆ. ಹಾಗೆ ಆದರೆ ಮುಲಾಮು ಹಚ್ಚಿ ಕೂರದೆ ಕೂಡಲೇ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ, ಹೆಚ್ಚು ಒತ್ತಡದ ಡೀಸೆಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಬೇಕು. ಎಂಜಿನ್ ಓಡುವಾಗ ಸೋರಿಕೆ ಹುಡುಕುವುದಾದರೆ ಕೈ ಅಲ್ಲ, ರಟ್ಟಿನ ತುಂಡು ಹಿಡಿಯಿರಿ.

ಇನ್ನು ತಮ್ಮನ ಪೆಟ್ರೋಲ್ ಕಾರು. ಯಾವ ವರ್ಷದ್ದು ಅಂತ ಬರೆದಿಲ್ಲ. ಕಾರ್ಬುರೇಟರ್ ಕಾಲದ ಕಾರಾದರೆ ಎಂಜಿನ್ ಹತ್ತಿರ ಒಂದು ಸಣ್ಣ ಪ್ಲಾಸ್ಟಿಕ್ ಫಿಲ್ಟರ್ ಇರುತ್ತದೆ, ಒತ್ತಡ ಕಡಿಮೆ. ಇಂಜೆಕ್ಷನ್ ಬಂದ ಮೇಲಿನ ಕೆಲವು ಕಾರುಗಳಲ್ಲಿ ಲೋಹದ ಡಬ್ಬಿಯ ಫಿಲ್ಟರ್ ಹಿಂದೆ, ಟ್ಯಾಂಕಿನ ಹತ್ತಿರ ಅಡಿಯಲ್ಲಿ ಇರುತ್ತದೆ. ಅದರಲ್ಲಿ ಎಂಜಿನ್ ನಿಂತ ಮೇಲೂ ಮೂರು ಬಾರ್ ಆಸುಪಾಸಿನ ಒತ್ತಡ ಉಳಿದಿರುತ್ತದೆ. ಹೊಸ ಕಾರುಗಳಲ್ಲಿ ಹೆಚ್ಚಿನವಕ್ಕೆ ಫಿಲ್ಟರ್ ಟ್ಯಾಂಕಿನೊಳಗೆ ಪಂಪಿನ ಜತೆಗೇ ಇರುತ್ತದೆ. ಈ ಕೊನೆಯ ಜಾತಿಯದ್ದಾದರೆ ಮನೆಯಲ್ಲಿ ಬಿಚ್ಚುವ ಯೋಚನೆಯನ್ನೇ ಬಿಡಿ. ತೆರೆದ ಪೆಟ್ರೋಲ್ ಟ್ಯಾಂಕಿನ ಬಾಯಿಯಲ್ಲಿ ಕೈ ಹಾಕುವ ಕೆಲಸ ಅದು.

ಪೆಟ್ರೋಲ್ ಮೈನಸ್ ನಲವತ್ತು ಡಿಗ್ರಿ ಚಳಿಯಲ್ಲೂ ಕಿಡಿಗೆ ಹೊತ್ತುವಷ್ಟು ಆವಿ ಬಿಡುತ್ತದೆ. ನಮ್ಮ ಬಿಸಿಲಿಗೆ ಕೇಳಬೇಕಾ? ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲ ಹಿಡಿದು, ಇಳಿಜಾರಿಗೆ ನೀರಿನ ಹಾಗೆ ಹರಿಯುತ್ತದೆ. ಕಿಡಿ ಹತ್ತು ಅಡಿ ಆಚೆ ಇದ್ದರೂ ಸಾಕು. ನಾನು ಕೆಲಸ ಕಲಿಯುವ ಕಾಲದಲ್ಲಿ ಒಂದು ಗ್ಯಾರೇಜಿನಲ್ಲಿ ಕಾರಿನ ಅಡಿ ಮಲಗಿದ್ದೆ. ಬೆಳಕಿಗೆ ತಂತಿಯ ಹ್ಯಾಂಡ್‌ಲ್ಯಾಂಪ್, ಒಳಗೆ ಗಾಜಿನ ಬಲ್ಬ್. ಪೈಪ್ ಬಿಚ್ಚಿದಾಗ ಪೆಟ್ರೋಲ್ ಚಿಮ್ಮಿ ಬಲ್ಬಿಗೆ ಬಿತ್ತು. ಬಲ್ಬ್ ಟಪ್ ಅಂತ ಒಡೆದ ಸದ್ದು ಕೇಳಿದ್ದು ನೆನಪುಂಟು, ಆಮೇಲಿನದ್ದು ಸರಿ ನೆನಪಿಲ್ಲ. ಯಾರೋ ಕಾಲು ಹಿಡಿದು ಎಳೆದು, ಗೋಣಿ ಹೊದೆಸಿದರು. ಎಡಗೈ ಮೇಲೆ ಗುರುತು ಈಗಲೂ ಉಂಟು. ಅಂದಿನಿಂದ ಬ್ಯಾಟರಿಯ ಎಲ್‌ಇಡಿ ಲೈಟ್ ಬಿಟ್ಟು ಬೇರೆ ಮುಟ್ಟಿಲ್ಲ, ಅದನ್ನೂ ಪೈಪ್ ಬಿಚ್ಚುವ ಮೊದಲೇ ಆನ್ ಮಾಡಿಟ್ಟುಕೊಳ್ಳುತ್ತೇನೆ.

ಇಷ್ಟಾದ ಮೇಲೂ ಎರಡನೇ ಜಾತಿಯ, ಅಂದರೆ ಟ್ಯಾಂಕಿನ ಹತ್ತಿರದ ಲೋಹದ ಡಬ್ಬಿಯ ಫಿಲ್ಟರ್ ಮಾಡಲು ಹೊರಟರೆ, ಒತ್ತಡ ಇಳಿಸದೆ ಪೈಪ್ ಮುಟ್ಟಬೇಡಿ. ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ. ಪೈಪಿನಲ್ಲಿದ್ದದ್ದನ್ನು ಕುಡಿದು ತಾನಾಗಿ ನಿಲ್ಲುತ್ತದೆ. ಇನ್ನೊಂದೆರಡು ಸೆಕೆಂಡು ಸೆಲ್ಫ್ ಹೊಡೆದು, ಬ್ಯಾಟರಿ ಬಿಚ್ಚಿ, ಕಾರು ತಣ್ಣಗಾದ ಮೇಲೆ ಜಾಯಿಂಟಿಗೆ ಬಟ್ಟೆ ಸುತ್ತಿ ನಿಧಾನ ಸಡಿಲಿಸಿ. ಆಗಲೂ ಒಂದು ಲೋಟ ಪೆಟ್ರೋಲ್ ಬಿದ್ದೀತು. ಫಿಲ್ಟರಿನ ಮೇಲಿನ ಬಾಣದ ಗುರುತು ಎಂಜಿನ್ ಕಡೆಗೆ ಇರಬೇಕು. ಕ್ಲಿಪ್ ಹೊಸದು ಹಾಕಿ. ಪೈಪ್ ಹಳತಾಗಿದ್ದರೆ ಇಂಜೆಕ್ಷನ್ ಕಾರಿಗೆ ಅಂತಲೇ ಬರುವ ಪೈಪ್ ತನ್ನಿ, ಬೈಕಿನ ಪೈಪ್ ಆ ಒತ್ತಡಕ್ಕೆ ನಿಲ್ಲುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಎಥನಾಲ್ ಬೇರೆ. ಅದು ಹಳೇ ಟ್ಯಾಂಕಿನ ಕೊಳೆ ಎಬ್ಬಿಸುತ್ತದೆ, ಹಳೇ ರಬ್ಬರನ್ನೂ ಹಾಳು ಮಾಡುತ್ತದೆ. ತಮ್ಮನ ಕಾರಿನ ಪೈಪುಗಳನ್ನು ಹೇಗೂ ಒಮ್ಮೆ ನೋಡಿಸಬೇಕು.

ಮತ್ತೆ ಮುರಕಲ್ಲು. ನಮ್ಮ ಊರಿನಲ್ಲಿ ಕಾರು ಎತ್ತಿ ಅಡಿಗೆ ಕೆಂಪು ಮುರಕಲ್ಲು ಕೊಡುವುದು ರೂಢಿ. ಗೋಡೆಗೆ ಅದರಷ್ಟು ಒಳ್ಳೆಯದಿಲ್ಲ. ಕಾರಿನ ಭಾರ ಒಂದೇ ಬಿಂದುವಿನ ಮೇಲೆ ಕೂತರೆ ಸದ್ದಿಲ್ಲದೆ ಸೀಳುತ್ತದೆ, ಮಳೆ ಕುಡಿದ ಕಲ್ಲಾದರೆ ಇನ್ನೂ ಬೇಗ. ಉಕ್ಕಿನ ಸ್ಟ್ಯಾಂಡ್ ಇಲ್ಲದೆ, ಬರೀ ಜ್ಯಾಕ್ ಮೇಲೆ ನಿಂತ ಕಾರಿನಡಿಗೆ ತಲೆ ಹಾಕಬೇಡಿ. ನನ್ನನ್ನು ಕೇಳಿದರೆ ತಮ್ಮನ ಕಾರನ್ನು ಗ್ಯಾರೇಜಿಗೆ ಕಳಿಸಿ. ಉಳಿಯುವ ಕೂಲಿ ಸಣ್ಣದು, ಅಪಾಯ ಅಷ್ಟು ಸಣ್ಣದಲ್ಲ.

ಪೆಟ್ರೋಲಾಗಲಿ ಡೀಸೆಲಾಗಲಿ, ಪೈಪಿಗೆ ಬಾಯಿ ಇಟ್ಟು ಎಳೆಯುವುದು ಬೇಡ. ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಒಂದು ಗುಟುಕು ಇಳಿದರೆ ಕಷ್ಟ. ಹಾಗೇನಾದರೂ ನುಂಗಿದರೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತೆಗೆದ ಎಣ್ಣೆಯನ್ನು ತೋಟಕ್ಕೆ ಚೆಲ್ಲಬೇಡಿ. ನಿಮ್ಮ ಕಡೆ ಎಷ್ಟು ಮನೆಗೆ ಗುಡ್ಡೆ ಕೊರೆದು ಮಾಡಿದ ಸುರಂಗದ ನೀರೇ ಕುಡಿಯಲು ಅಲ್ವಾ, ಗುಡ್ಡೆ ಮೇಲೆ ಚೆಲ್ಲಿದ್ದು ಮುರಕಲ್ಲಿನ ಸಂದಿನಲ್ಲಿ ಇಳಿದು ಅಲ್ಲಿಗೇ ಬರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ತುಂಬಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಫಿಲ್ಟರ್ ಹಾಕಿದ ಮೇಲೆ ಕ್ಯಾನಿನ ಡೀಸೆಲ್ ಕಾರಿಗೆ ಮುಟ್ಟಿಸದೆ ಒಂದು ಸಾವಿರ ಕಿ.ಮೀ. ಓಡಿಸಿ. ಟ್ಯಾಂಕಿನ ಮುಚ್ಚಳದ ರಬ್ಬರ್ ಬಿರಿದಿದ್ದರೆ ಅದನ್ನೂ ಬದಲಿಸಿ. ಆಮೇಲೆ ಅದೇ ಗಾಜಿನ ಬಾಟ್ಲಿಗೆ ಮತ್ತೊಮ್ಮೆ ಡ್ರೈನ್ ಮಾಡಿ ನೋಡಿ. ಬಾಟ್ಲಿ ಸ್ವಚ್ಛ, ಆದರೂ ಚಡಾವಿನಲ್ಲಿ ಎಳೆಯುವುದಿಲ್ಲ ಅಂದರೆ ಟರ್ಬೊ ಪೈಪ್ ಸೀಳಿರಬಹುದು, ಇಲ್ಲ ಸೆನ್ಸರ್ ಇರಬಹುದು, ಸ್ಕ್ಯಾನರ್ ಹಾಕಿಸಿ. ಬಾಟ್ಲಿಯಲ್ಲಿ ಮತ್ತೆ ನೀರಿನ ಗೆರೆ ಕಂಡರೆ ಟ್ಯಾಂಕಿನ ತಳದಲ್ಲೇ ನೀರು ಕೂತಿದೆ ಅಂತ ಲೆಕ್ಕ. ಟ್ಯಾಂಕ್ ಇಳಿಸಿ ತೊಳೆಯಬೇಕು, ಅದು ಅಂಗಳದ ಕೆಲಸ ಅಲ್ಲ. ಲೈಟ್ ಉರಿಯುತ್ತಿರುವಾಗ ಓಡಿಸಬೇಡಿ, ಗ್ಯಾರೇಜಿನವರನ್ನು ಮನೆಗೇ ಕರೆಸಿ. ಬರುವಾಗ ಆ ಬಾಟ್ಲಿಯನ್ನು ಅವರಿಗೆ ತೋರಿಸಿ, ಅರ್ಧ ಮಾತು ಉಳಿಯುತ್ತದೆ.